ತ್ರೀ ನಾಟ್ ತ್ರೀ ಕೋವಿಯಲ್ಲಿ ಹೊಂದದ ಭಾಗ: ದೋಷವೋ, ಬದಲಾದ ವಿನ್ಯಾಸವೋ?

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಟೆಕ್ಸಾಸ್‌ನಿಂದ ಒಂದು ಫೋಟೊ ಬಂತು. ಕಳಿಸಿದವನು ಮಂಡ್ಯ ಕಡೆಯ ಹುಡುಗ. ಕೆಳಗೆ "ಅಣ್ಣಾ, ಮೋಸ ಹೋದ್ನಾ ನೋಡಿ" ಅಂತ ಬರೆದಿದ್ದ. 1917ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎನ್‌ಫೀಲ್ಡ್ ಕೋವಿ, ನಮ್ಮ ತ್ರೀ ನಾಟ್ ತ್ರೀ. ಬೋಲ್ಟಿನ ಹಿಂತುದಿಯಲ್ಲಿರುವ ಕಾಕಿಂಗ್ ಪೀಸ್ ಎರಡೂ ಪಕ್ಕ ಚಪ್ಪಟೆಯಾಗಿತ್ತು. ಅವನು ನೋಡಿದ್ದ ಚಿತ್ರಗಳಲ್ಲೆಲ್ಲ ಅದು ಗುಂಡಗೆ, ದೊಡ್ಡ ಗುಂಡಿಯ ಹಾಗೆ ಇತ್ತಂತೆ. ಅಂಗಡಿಯವನು ಬೇರೆ ಕೋವಿಯ ಭಾಗ ಸಿಕ್ಕಿಸಿದ್ದಾನೆ ಅನ್ನುವುದು ಅವನ ತೀರ್ಮಾನ.

ಆ ಭಾಗ ಸರಿಯಾಗಿಯೇ ಇತ್ತು. 1916ರಲ್ಲಿ ತಯಾರಿಕೆಯ ಕೆಲಸ ಕಡಿಮೆ ಮಾಡಲು ಗುಂಡಗಿನ ಕಾಕಿಂಗ್ ಪೀಸ್ ಬದಲು ಚಪ್ಪಟೆಯದನ್ನು ಒಪ್ಪಿಕೊಂಡರು. 1917ರ ಕೋವಿಗೆ ಅದು ಹೊಂದುತ್ತದೆ. ನನ್ನ ಕಣ್ಣು ಹೋಗಿದ್ದು ಬೇರೆ ಕಡೆಗೆ. ತೋಟಾ ತುಂಬುವ ಮ್ಯಾಗಜೀನಿಗೂ ಗುರಿ ನೋಡುವ ಹಿಂದಿನ ಸೈಟಿಗೂ ನಡುವೆ, ನಳಿಗೆಯ ಕೆಳಗಿನ ಮುಂದಿನ ಮರದ ಅಡ್ಡಕ್ಕೆ, ಒಂದು ಸ್ಕ್ರೂ ತಲೆ ಕಾಣುತ್ತಿತ್ತು. ಇಂಗ್ಲೆಂಡಿನ ಕಾರ್ಖಾನೆ ಅಲ್ಲಿ ಸ್ಕ್ರೂ ಹಾಕುತ್ತಿರಲಿಲ್ಲ. ಅದು ಭಾರತದ ಕೈಕೆಲಸ. ಅವನು ಅದನ್ನು ನೋಡಿಯೇ ಇರಲಿಲ್ಲ.

ಈ ಕೋವಿಗಳಲ್ಲಿ ಹೀಗಾಗುವುದು ಜಾಸ್ತಿ. ಸರಿ ಇರುವುದು ತಪ್ಪಾಗಿ ಕಾಣುತ್ತದೆ, ಕೇಳಬೇಕಾದ್ದು ಕಣ್ಣಿಗೇ ಬೀಳುವುದಿಲ್ಲ. ಹೊಂದದ ಭಾಗ ಸಿಕ್ಕರೆ "ಇದು ಅಸಲಿಯಾ?" ಅಂತ ಕೇಳಬೇಡಿ. "ಇದು ಈ ಕೋವಿಗೆ ಯಾವಾಗ ಬಂತು?" ಅಂತ ಕೇಳಿ. ಕಾರ್ಖಾನೆಯಲ್ಲೇ ವಿನ್ಯಾಸ ಬದಲಾಗಿರಬಹುದು. ಸೇನೆಯ ವರ್ಕ್‌ಶಾಪಿನಲ್ಲಿ ಭಾಗ ಬದಲಾಯಿಸಿರಬಹುದು. ಸೇನೆ ಮಾರಿದ ಮೇಲೆ ಯಾರೋ ಕೈಯಾಡಿಸಿರಬಹುದು. ಇಲ್ಲವೇ ಇಡೀ ಕೋವಿಯೇ ನಕಲಿ ಇರಬಹುದು. ಮೊದಲ ಎರಡು ದೋಷವೇ ಅಲ್ಲ.

ನಾನು ಮಾತಾಡುತ್ತಿರುವುದು ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್ ಬಗ್ಗೆ. ನಮ್ಮ ಪೊಲೀಸರ ಬಾಯಲ್ಲಿ ತ್ರೀ ನಾಟ್ ತ್ರೀ. ಇಂಗ್ಲೆಂಡಿನ ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಲಂಡನ್ನಿನ ಎಲ್‌ಎಸ್‌ಎ ಕಾರ್ಖಾನೆಗಳು, ಆಸ್ಟ್ರೇಲಿಯಾದ ಲಿತ್‌ಗೋ, ಬಂಗಾಳದ ಇಷಾಪುರ, ಇಷ್ಟು ಕಡೆ ತಯಾರಾದ ಕೋವಿ ಇದು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡ್‌ನಲ್ಲಿ ಇದಕ್ಕೆ ವಿದಾಯ ಹೇಳಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದ ಯಂತ್ರದಲ್ಲಿ ಎಲ್ಲ ಭಾಗವೂ ಹುಟ್ಟಿನಿಂದ ಬಂದದ್ದೇ ಇರಬೇಕು ಅಂದರೆ ಹೇಗೆ ಸಾಧ್ಯ, ಅಲ್ವಾ?

ಶುರು ಮಾಡುವ ಮೊದಲು ಒಂದೆರಡು ಮಾತು. ಭಾರತದಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಅಳತೆ). ಅಜ್ಜನ ಕಾಲದ್ದು, ಹಳೇದು ಅಂದ ಮಾತ್ರಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಊರಿನಲ್ಲಿರುವವರು ಇದನ್ನು ಕೈಗೆತ್ತಿಕೊಳ್ಳುವ ಮುಂಚೆ ಕಾನೂನು ಕೇಳಿಕೊಳ್ಳಿ. ನಾನಿರುವುದು ಸಿಡ್ನಿಯಲ್ಲಿ, ಲೈಸೆನ್ಸ್ ಮಾಡಿಸಿಕೊಂಡೇ ಈ ಹುಚ್ಚು ಹಚ್ಚಿಕೊಂಡವನು. ಇನ್ನೊಂದು ಮಾತು, ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಒಳಗೆ ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಆಮೇಲೆ ಬೋಲ್ಟನ್ನೇ ಹೊರಗೆ ತೆಗೆದಿಡಿ. ಮುಂದಿನದೆಲ್ಲ ಅದಾದ ಮೇಲೆ.

ಮೊದಲು ಓದುವ ಕೆಲಸ

ನನ್ನ ಚಿಕ್ಕಪ್ಪ ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿ ಮಾಡುವವರು, ಆಗಿದ್ದವರು. "ಮೊದಲು ನಂಬರ್ ಓದು, ಆಮೇಲೆ ಬಾಯಿ ಬಿಡು" ಅನ್ನುತ್ತಿದ್ದರು. ಈಗಲೂ ನಾನು ಮಾಡುವುದು ಅಷ್ಟೇ.

ಬೋಲ್ಟ್ ಹಿಡಿ ಕೆಳಗೆ ಬಂದು ನಿಲ್ಲುವ ಜಾಗದ ಹಿಂದೆ ಉಕ್ಕಿನ ಒಂದು ಪಟ್ಟಿ ಇದೆ. ಹಿಂದಿನ ಮರ ಅದರೊಳಗೆ ಕೂತಿರುತ್ತದೆ. ಬಟ್ ಸಾಕೆಟ್ ಅನ್ನುತ್ತಾರೆ. ಅದರ ಬಲಗಡೆ ಕಿರೀಟ, ರಾಜನ ಹೆಸರಿನ ಅಕ್ಷರ, ಕಾರ್ಖಾನೆ, ವರ್ಷ, ಮಾದರಿ ಸಾಲಾಗಿ ಕೊರೆದಿರುತ್ತವೆ. ಇದು ಕೋವಿಯ ಜಾತಕ. ಆದರೆ ಇದು ಹೇಳುವುದು ಆ ಉಕ್ಕಿನ ಬಾಡಿಯ ವಯಸ್ಸನ್ನು ಮಾತ್ರ, ಅದಕ್ಕೆ ಅಂಟಿಕೊಂಡ ಉಳಿದ ಭಾಗಗಳದ್ದಲ್ಲ.

ಆಮೇಲೆ ನಂಬರ್. ಬಾಡಿಯ ಮುಂದಿನ ಉಂಗುರದ ಮೇಲೆ ಒಂದು, ನಳಿಗೆಯ ಬುಡದಲ್ಲಿ ಒಂದು, ಬೋಲ್ಟ್ ಹಿಡಿಯ ಹಿಂಬದಿಯಲ್ಲಿ ಒಂದು, ಮೂತಿಯ ನೋಸ್ ಕ್ಯಾಪಿನಲ್ಲಿ ಒಂದು, ಹಿಂದಿನ ಸೈಟಿನ ಎಲೆ (ದೂರದ ಗೆರೆಗಳಿರುವ ಪಟ್ಟಿ) ಎತ್ತಿದರೆ ಅದರ ಅಡಿಯಲ್ಲಿ ಒಂದು, ಮುಂದಿನ ಮರದ ತುದಿಯ ಕೆಳಗೆ ಒಂದು. ಎಲ್ಲ ಒಂದೇ ಇದ್ದರೆ ಕೋವಿ ಬಹಳ ಮಟ್ಟಿಗೆ ಹುಟ್ಟಿದ ಹಾಗೇ ಇದೆ. ಎಲ್ಲೋ ಒಂದು ಕಡೆ ಹಳೆಯ ನಂಬರಿಗೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಹೊಸದು ಹಾಕಿದ್ದರೆ ಬೇಜಾರಾಗಬೇಡಿ. ಅದು ಸೇನೆಯ ವರ್ಕ್‌ಶಾಪಿನ ಪ್ರಾಮಾಣಿಕತೆ. ಹೊಡೆದು ಹಾಕಿದ್ದನ್ನು ಮುಚ್ಚಿಡದೆ ಬಿಟ್ಟಿದ್ದಾರೆ. ನಂಬರನ್ನು ಅರದಿಂದ ಉಜ್ಜಿ ಸಪಾಟು ಮಾಡಿ ಹೊಸದು ಕೊರೆದಿದ್ದರೆ ಮಾತ್ರ ನನಗೆ ಅನುಮಾನ ಬರುತ್ತದೆ. ಬೆರಳು ಸವರಿದರೆ ಅಲ್ಲಿ ಸಣ್ಣ ತಗ್ಗು ಸಿಗುತ್ತದೆ.

ಅಕ್ಷರ ಮಸುಕಾಗಿದ್ದರೆ ಸ್ಯಾಂಡ್ ಪೇಪರ್ ತೆಗೆದುಕೊಂಡು ಹೋಗಬೇಡಿ, ದಮ್ಮಯ್ಯ. ಕೋಣೆಯ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ, ಲೋಹಕ್ಕೆ ಒರಗಿಸಿದ ಹಾಗೆ ಹಿಡಿಯಿರಿ. ನೆರಳಿನಲ್ಲಿ ಅಕ್ಷರ ಏಳುತ್ತದೆ. ಆಗದಿದ್ದರೆ ಮುಖಕ್ಕೆ ಹಾಕುವ ಪೌಡರ್ ಬೆರಳಿಗೆ ಹಚ್ಚಿ ಸವರಿ ಒರೆಸಿ, ಗೀರಿನಲ್ಲಿ ಬಿಳಿ ಉಳಿಯುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿ. ಚಿಕ್ಕವರಿದ್ದಾಗ ನಾಲ್ಕಾಣೆ ಮೇಲೆ ಮಾಡುತ್ತಿದ್ದೆವಲ್ಲ, ಅದೇ.

ಲಕ್ಷಣ: ಬಲಗಡೆ ಸೀಳು ಇದೆ, ಆದರೆ ಅದರಲ್ಲಿ ಏನೂ ಇಲ್ಲ

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉತ್ತರ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1907ರ ಜನವರಿಯಲ್ಲಿ ಒಪ್ಪಿಗೆಯಾದ ಮಾರ್ಕ್ 3 ಮಾದರಿಗೆ ಬಲಗಡೆ ಕಟ್-ಆಫ್ ಅಂತ ಒಂದು ಉಕ್ಕಿನ ತಗಡು ಇತ್ತು. ಅದನ್ನು ಒಳಗೆ ತಳ್ಳಿದರೆ ಮ್ಯಾಗಜೀನಿನ 10 ತೋಟಾ ಕೆಳಗೇ ಉಳಿಯುತ್ತವೆ. ಸಿಪಾಯಿ ಒಂದೊಂದೇ ತೋಟಾ ಕೈಯಲ್ಲಿ ಹಾಕಿ ಹೊಡೆಯಬೇಕು. ಸುಮ್ಮನೆ ಗುಂಡು ಪೋಲು ಮಾಡಬಾರದು ಅನ್ನುವುದು ಮೇಲಿನವರ ಚಿಂತೆ. ಇದರ ಜೊತೆಗೆ ಎಡಗಡೆ ವಾಲಿ ಸೈಟ್ ಅಂತ ಇನ್ನೊಂದು ಸೈಟ್ ಇತ್ತು. ಮರದ ಮುಂಭಾಗದಲ್ಲಿ ಒಂದು ಬಿಲ್ಲೆ, ಅದಕ್ಕೊಂದು ಮುಳ್ಳು. ಹಿಂದೆ ಸೇಫ್ಟಿಯ ಹತ್ತಿರ ತೂತಿರುವ ಒಂದು ಕಡ್ಡಿ. ದೂರದ ಗುಂಪಿನ ಮೇಲೆ ಇಡೀ ತುಕಡಿ ಒಟ್ಟಿಗೆ ಗುಂಡಿನ ಮಳೆ ಸುರಿಸಲು ಅದು. ಹಿಂದಿನ ಮುಖ್ಯ ಸೈಟನ್ನು ಎಡಕ್ಕೆ ಬಲಕ್ಕೆ ಸರಿಸಲು ಪಕ್ಕದಲ್ಲಿ ಸಣ್ಣ ಸ್ಕ್ರೂ ಕೂಡ ಇತ್ತು.

ಮೊದಲ ಮಹಾಯುದ್ಧ ಬಂತು. ಕಂದಕದ ಕೆಸರಿನಲ್ಲಿ ಕೂತವನಿಗೆ ಒಂದೊಂದೇ ತೋಟಾ ಹಾಕುವ ಪುರುಸೊತ್ತು ಎಲ್ಲಿ? ದೂರದ ಗುಂಪಿನ ಕೆಲಸವನ್ನು ಮೆಷಿನ್ ಗನ್ ನೋಡಿಕೊಂಡಿತು. ಕಾರ್ಖಾನೆಗೆ ಬೇಕಾಗಿದ್ದು ಬೇಗ ಬೇಗ ಜಾಸ್ತಿ ಕೋವಿ. 1915ರ ಕೊನೆ, 1916ರ ಆರಂಭದ ಹೊತ್ತಿಗೆ ಈ ಮೂರನ್ನೂ ಬಿಟ್ಟ ಮಾದರಿ ಬಂತು. ಅದೇ ಮಾರ್ಕ್ 3 ಸ್ಟಾರ್. ಮೂರು ನಿಂತ ಗೆರೆಯ ಪಕ್ಕ ಒಂದು ನಕ್ಷತ್ರ.

ಆದರೆ ಕಾರ್ಖಾನೆ ಅಂದರೆ ಸ್ವಿಚ್ ಅಲ್ಲ, ಒತ್ತಿದ ಕೂಡಲೇ ಬದಲಾಗಲು. ಸೀಳು ಕೊರೆದ ಬಾಡಿಗಳು ರಾಶಿ ಬಿದ್ದಿದ್ದವು. ಅವನ್ನು ಎಸೆಯಲಾಗುತ್ತದೆಯೇ? ಅದಕ್ಕೇ ಸ್ಟಾರ್ ಇದ್ದು ಸೀಳೂ ಇರುವ, ಆದರೆ ಕಟ್-ಆಫ್ ಇಲ್ಲದ ಕೋವಿಗಳು ಸಿಗುತ್ತವೆ. ಅದು ಕಳೆದುಹೋದ ಭಾಗವಲ್ಲ. ಅದು ಹುಟ್ಟಿದ್ದೇ ಹಾಗೆ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ಸ್ಟಾರ್ ಇಲ್ಲ, ಸೀಳು ಇದೆ, ಕಟ್-ಆಫ್ ಇಲ್ಲ ಅಂದರೆ ಯಾವುದೋ ಹಂತದಲ್ಲಿ ತೆಗೆದಿದ್ದಾರೆ. ಬಹುಪಾಲು ಸೇನೆಯೇ ತೆಗೆದಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಸ್ಟಾರೂ ಇಲ್ಲ, ಸೀಳೂ ಇಲ್ಲ ಅಂದರೆ ಮತ್ತೆ ಟಾರ್ಚ್ ಹಿಡಿಯಿರಿ. ಸ್ಟಾರ್ ಸವೆದಿರಬಹುದು, ಯಾರೋ ಕೆರೆದಿರಲೂಬಹುದು. ಇನ್ನು ಸ್ಟಾರ್ ಇದೆ, ಸೀಳು ಇದೆ, ಕಟ್-ಆಫ್ ಹೊಳೆಯುತ್ತಾ ಕೂತಿದೆ ಅಂದರೆ ಆ ತಗಡನ್ನೇ ಸರಿಯಾಗಿ ನೋಡಿ. ಹೊಸದಾಗಿ ಮಾಡಿದ ಕಟ್-ಆಫ್‌ಗಳು ಮಾರಾಟಕ್ಕೆ ಸಿಗುತ್ತವೆ. ಹೆಬ್ಬೆರಳು ಒತ್ತುವ ಗುಂಡಗಿನ ಜಾಗದಲ್ಲಿ ಕಪ್ಪು ಸವೆದು ಉಕ್ಕಿನ ಬಿಳಿ ಕಾಣಬೇಕು. ಅಂಚು ಕೈಗೆ ಚುಚ್ಚಬಾರದು. ಬಾಡಿ ಕಂದು ತಿರುಗಿ ಮುದುಕನ ಹಾಗಿದೆ, ಕಟ್-ಆಫ್ ಮದುಮಗನ ಹಾಗಿದೆ ಅಂದರೆ ಅದು ಮೊನ್ನೆ ಬಂದದ್ದು. ಹಾಗಂತ ತಪ್ಪೇನಿಲ್ಲ, ಮಾರುವವನು ಅದಕ್ಕೆ 1916ರ ದುಡ್ಡು ಕೇಳದಿದ್ದರೆ.

ಸೈಟಿಗೂ ಇದೇ ಮಾತು. ಪಕ್ಕಕ್ಕೆ ಸರಿಸುವ ಸ್ಕ್ರೂ ಇಲ್ಲದ ಎಲೆ ಸ್ಟಾರ್ ಇಲ್ಲದ ಕೋವಿಯಲ್ಲಿ ಕಂಡರೆ, ಅಡಿಯ ನಂಬರ್ ನೋಡಿ. ನಂಬರ್ ಬೇರೆಯಿದ್ದರೆ ಬದಲಾಯಿಸಿದ್ದು. ಹಳೆಯದಕ್ಕೆ ಅಡ್ಡಗೆರೆ ಹೊಡೆದು ಬಾಡಿಯ ನಂಬರನ್ನೇ ಹಾಕಿದ್ದರೆ ಸೇನೆಯ ಲೆಕ್ಕ.

ಲಕ್ಷಣ: ಮರ ಮತ್ತು ಉಕ್ಕು ಬೇರೆ ಬೇರೆ ಕತೆ ಹೇಳುತ್ತಿವೆ

ಮರ ಸುಳ್ಳು ಹೇಳುವುದಿಲ್ಲ, ಆದರೆ ಬಹಳ ಬೇಗ ಸಾಯುತ್ತದೆ. ಮುರಿಯುತ್ತದೆ, ಬದಲಾಗುತ್ತದೆ. ಅದಕ್ಕೇ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

ಮೊದಲು ಎಡಗಡೆ ನೋಡಿ. ವಾಲಿ ಸೈಟಿನ ಬಿಲ್ಲೆ ಕೂರಲು ಮುಂದಿನ ಮರದಲ್ಲಿ ತಗ್ಗು ತೋಡಿರುತ್ತಾರೆ. ಬಿಲ್ಲೆ ಇಲ್ಲದೆ ತಗ್ಗು ಮಾತ್ರ ಇದ್ದರೆ ಮರ ಹಳೆಯ ಮಾದರಿಯದು. ಮರ ಅಲ್ಲಿ ಉಬ್ಬಿದೆ, ಆದರೆ ತಗ್ಗು ಇಲ್ಲ ಅಂದರೆ ಮರಗೆಲಸದವನು ಹಳೆಯ ಆಕಾರಕ್ಕೇ ಕೆತ್ತಿ ಕೊನೆಯ ಹೆಜ್ಜೆ ಬಿಟ್ಟಿದ್ದಾನೆ. ಉಬ್ಬೂ ಇಲ್ಲದೆ ಸಪಾಟಾಗಿದ್ದರೆ ಅದು ಇನ್ನೂ ಈಚಿನದು. 1918ರ ಸ್ಟಾರ್ ಕೋವಿಯಲ್ಲಿ ಇದರಲ್ಲಿ ಯಾವುದು ಕಂಡರೂ ಆಶ್ಚರ್ಯವಿಲ್ಲ. 1910ರ ಕೋವಿಯಲ್ಲಿ ಸಪಾಟು ಮರ ಕಂಡರೆ ಅದು ಬದಲಾದ ಮರ, ಅಷ್ಟೇ.

ಹಿಂದಿನ ಮರದ ಮೇಲ್ಗಡೆ, ತುದಿಗೆ ಹೊಡೆದ ಹಿತ್ತಾಳೆ ತಗಡಿನ (ಬಟ್ ಪ್ಲೇಟ್) ಹತ್ತಿರ, ಕೆಲವೊಮ್ಮೆ ಇಂಗ್ಲಿಷಿನ ಎಲ್ ಅಕ್ಷರ ಇರುತ್ತದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಹೊಸಬರೆಲ್ಲ ಅದನ್ನು ಲಿತ್‌ಗೋ ಅಂತ ಓದಿ ಖುಷಿ ಪಡುತ್ತಾರೆ. ನಾನೂ ಪಟ್ಟಿದ್ದೆ. ಅದು ಊರಿನ ಹೆಸರಲ್ಲ, ಅಳತೆ. ಉದ್ದ ಕೈಯವರಿಗೆ ಲಾಂಗ್, ಗಿಡ್ಡರಿಗೆ ಶಾರ್ಟ್, ಇನ್ನೂ ಗಿಡ್ಡರಿಗೆ ಬ್ಯಾಂಟಮ್. ಒಂದಕ್ಕೊಂದು ಅರ್ಧ ಇಂಚಿನ ವ್ಯತ್ಯಾಸ. ಮಧ್ಯಮ ಅಳತೆಗೆ ಅಕ್ಷರವೇ ಇಲ್ಲ. ಅಂಗಿ ಕಾಲರಿನ ಪಟ್ಟಿ ಇದ್ದ ಹಾಗೆ. ಇದರಿಂದ ಕೋವಿಯ ಮೂಲ ಹೇಳಲು ಹೊರಟರೆ ಕೆಟ್ಟಿತು.

ಲಿತ್‌ಗೋದ ಮರ ಗುರುತಿಸಲು ಬೇರೆ ದಾರಿ ಇದೆ. ಸಿಡ್ನಿಯಿಂದ ಬೆಟ್ಟ ಹತ್ತಿ ಪಶ್ಚಿಮಕ್ಕೆ ಸುಮಾರು 140 ಕಿಲೋಮೀಟರ್ ಹೋದರೆ ಲಿತ್‌ಗೋ ಸಿಗುತ್ತದೆ. ಕಾರ್ಖಾನೆ 1912ರಲ್ಲಿ ಶುರುವಾಗಿ, 1913ರಿಂದ ಕೋವಿ ಬರತೊಡಗಿದವು. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಒಂದು ಶನಿವಾರ ಸಾಲುವುದಿಲ್ಲ. ಅವರು ವಾಲ್ನಟ್ ಬಿಟ್ಟು ತಮ್ಮ ನೆಲದ ಮರ ಬಳಸಿದರು. ಕ್ವೀನ್ಸ್‌ಲ್ಯಾಂಡ್ ಮೇಪಲ್, ಕೋಚ್‌ವುಡ್. ಕೋಚ್‌ವುಡ್ ಮೆತ್ತಗೆ. ಗುಂಡು ಹಾರಿದಾಗ ಬಾಡಿ ಹಿಂದಕ್ಕೆ ಒದೆಯುವ ಜಾಗದಲ್ಲಿ ಮರ ಜಜ್ಜಿಹೋಗುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ತಾಮ್ರದ ಚಿಕ್ಕ ತುಂಡುಗಳನ್ನು ಕೂರಿಸತೊಡಗಿದರು. ಮುಂದಿನ ಮರ ಬಿಚ್ಚಿ ಒಳಗೆ ನೋಡಿದಾಗ ತಾಮ್ರ ಮಿನುಗಿದರೆ ಮರ ಲಿತ್‌ಗೋದ್ದು, ಅದರ ಮೇಲೆ ಕೂತ ಉಕ್ಕು ಯಾವ ಊರಿನದೇ ಇರಲಿ.

ಬಿಚ್ಚಿ ಅಂದೆನಲ್ಲ, ಇಲ್ಲೊಂದು ಗುಂಡಿ ಇದೆ. ನಾನೇ ಬಿದ್ದಿದ್ದೇನೆ.

ನನ್ನ ಮೊದಲ ಕೋವಿಯ ಹಿಂದಿನ ಮರ ಸ್ವಲ್ಪ ಅಲ್ಲಾಡುತ್ತಿತ್ತು. ಬಟ್ ಪ್ಲೇಟಿನ ಬಾಗಿಲು ತೆರೆದು ಉದ್ದ ಸ್ಕ್ರೂಡ್ರೈವರ್ ಒಳಗೆ ಬಿಟ್ಟೆ. ಮರ ಹಿಡಿದಿಡುವ ಒಳಗಿನ ತಿರುಪಿನ ಬೋಲ್ಟು ಬಿಗಿಯಾಗಿತ್ತು. ಇನ್ನೊಂದು ಸ್ವಲ್ಪ ಬಲ ಹಾಕಿದೆ. "ಟಕ್" ಅಂತ ಸದ್ದು. ಬಂತು ಅಂದುಕೊಂಡೆ. ತಿರುಗಿಸಿ ನೋಡಿದರೆ ಮುಂದಿನ ಮರದ ಹಿಂತುದಿ ಕಡ್ಡಿಯ ಹಾಗೆ ಸೀಳಿತ್ತು. ಆಗಿದ್ದು ಇಷ್ಟು. ಹಿಂದಿನ ಮರವನ್ನು ಹಿಡಿದಿಡುವ ಆ ಉದ್ದ ಬೋಲ್ಟಿನ ಮುಂತುದಿ ಚೌಕ. ಅದು ಸಾಕೆಟ್ ದಾಟಿ ಹೋಗಿ ಮುಂದಿನ ಮರದ ಹಿಂಭಾಗದಲ್ಲಿರುವ ಒಂದು ತಗಡಿಗೆ ಸಿಕ್ಕಿಕೊಂಡಿರುತ್ತದೆ. ತಾನಾಗಿ ಸಡಿಲವಾಗದಿರಲಿ ಅಂತ ಮಾಡಿದ ಬೀಗ ಅದು. ಮುಂದಿನ ಮರ ಇದ್ದಂತೆಯೇ ಬೋಲ್ಟ್ ತಿರುಗಿಸಿದರೆ ಆ ಚೌಕ ಮರವನ್ನು ಒಳಗಿನಿಂದ ಸೀಳುತ್ತದೆ. ಮೊದಲು ಮುಂದಿನ ಮರ, ಆಮೇಲೆ ಹಿಂದಿನದು. ಈ ಕ್ರಮ ತಪ್ಪಬೇಡಿ. ಮಾರಾಟಕ್ಕಿರುವ ಕೋವಿಯಲ್ಲಿ ಆ ಜಾಗದಲ್ಲಿ ಸೀಳು ಕಂಡರೆ ಅದು ವಿನ್ಯಾಸವೂ ಅಲ್ಲ, ಯುದ್ಧವೂ ಅಲ್ಲ, ನನ್ನಂಥ ಒಬ್ಬ ಅವಸರದವನು.

ಇನ್ನೂ ಒಂದು: ಮುಂದಿನ ಮರಕ್ಕೆ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕಿದ್ದರೆ ಅದನ್ನು ಹಳ್ಳಿಯ ರಿಪೇರಿ ಅಂತ ಕಿತ್ತು ಹಾಕಬೇಡಿ. ಗ್ರೆನೇಡ್ ಎಸೆಯಲು ಮೀಸಲಿಟ್ಟ ಕೋವಿ ಅದು. ಆ ಒದೆತಕ್ಕೆ ಮರ ಬಿರಿಯದಿರಲಿ ಅಂತ ಸೇನೆಯೇ ತಂತಿ ಸುತ್ತುತ್ತಿತ್ತು.

ಮರ ಉಜ್ಜಿದ್ದಾರೋ ಇಲ್ಲವೋ ತಿಳಿಯಲು ಬೆರಳನ್ನು ಮರದಿಂದ ಲೋಹಕ್ಕೆ ಸರಿಸಿ. ಮರ ಕೂದಲೆಳೆಯಷ್ಟು ಎತ್ತರದಲ್ಲಿರಬೇಕು. ಲೋಹವೇ ಎತ್ತರಕ್ಕೆ ಬಂದು ಉಗುರಿಗೆ ತಾಗಿದರೆ ಯಾರೋ ಮಿರಮಿರ ಮಿಂಚಿಸಲು ಹೋಗಿ ಮುದ್ರೆಗಳನ್ನೆಲ್ಲ ಅಳಿಸಿದ್ದಾರೆ. ಇದಕ್ಕೆ ಔಷಧಿ ಇಲ್ಲ. ಅಗಸೆ ಎಣ್ಣೆ ಕೈಯಲ್ಲಿ ತಿಕ್ಕಿ ಬಿಟ್ಟಿದ್ದರೆ ಸಾಕಾಗಿತ್ತು.

ಲಕ್ಷಣ: ಇಂಗ್ಲೆಂಡಿನ ಕೋವಿಯಲ್ಲಿ ಭಾರತದ ಗುರುತು

ಈಗ ಮಂಡ್ಯದ ಹುಡುಗನ ಸ್ಕ್ರೂಗೆ ಬರೋಣ. ಬಂಗಾಳದ ಇಷಾಪುರದಲ್ಲಿ ಮೊದಲಿದ್ದದ್ದು ಮದ್ದಿನ ಕಾರ್ಖಾನೆ. ಅದೇ ಜಾಗದಲ್ಲಿ 20ನೇ ಶತಮಾನದ ಆರಂಭದಲ್ಲಿ ರೈಫಲ್ ಕಾರ್ಖಾನೆ ಎದ್ದಿತು. ಸೆಖೆ, ಮಳೆ, ಮತ್ತೆ ಸೆಖೆ. ಮುಂದಿನ ಮರ ಬಿರುಕು ಬಿಡುವುದು ಅಲ್ಲಿ ಮಾಮೂಲು. ಅದಕ್ಕೆ ಮರದ ಅಡ್ಡಕ್ಕೆ ಒಂದು ಸ್ಕ್ರೂ ಬಿಗಿದು ಎರಡು ಪಕ್ಕವನ್ನೂ ಹಿಡಿದು ನಿಲ್ಲಿಸಿದರು. ಸಂಗ್ರಹಕಾರರ ಬಾಯಲ್ಲಿ ಇದರ ಹೆಸರೇ ಇಷಾಪುರ ಸ್ಕ್ರೂ. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತಕ್ಕೆ ಬಂದು ಅಲ್ಲಿನ ವರ್ಕ್‌ಶಾಪ್ ಹೊಕ್ಕ ಕೋವಿಗಳಲ್ಲೂ ಇದು ಸಿಗುತ್ತದೆ. ಸ್ಕ್ರೂ ತೆಗೆದು ತೂತು ಮುಚ್ಚಿ "ಅಸಲಿ ಎನ್‌ಫೀಲ್ಡ್" ಮಾಡುವವರನ್ನು ಕಂಡಿದ್ದೇನೆ. ಮಾಡುತ್ತಿರುವುದು ಚರಿತ್ರೆ ಅಳಿಸುವ ಕೆಲಸ ಅಂತ ಅವರಿಗೆ ಅನಿಸುವುದೇ ಇಲ್ಲ.

ಇಷಾಪುರದಲ್ಲೇ ಹುಟ್ಟಿದ್ದನ್ನು ಗುರುತಿಸುವುದು ಸುಲಭ. ಇಂಗ್ಲೆಂಡಿನದಕ್ಕೆ ಕಿರೀಟದ ಕೆಳಗೆ ಜಾರ್ಜ್ ರಾಜನ ಗುರುತಾಗಿ ಜಿಆರ್ ಅಂತ ಎರಡು ಅಕ್ಷರ, ಇಷಾಪುರದ್ದಕ್ಕೆ ಜಿಆರ್‌ಐ ಅಂತ ಮೂರು. ಆ ಮೂರನೆಯದು ಚಕ್ರವರ್ತಿ ಅನ್ನುವುದರ ಗುರುತು. ಗಣರಾಜ್ಯ ಆದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ, ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಷಾಪುರ) ಬಂದವು. ಈಚಿನ ಇಷಾಪುರದ ಬಾಡಿಯಲ್ಲಿ ಕ್ಲಿಪ್ಪಿನಿಂದ ತೋಟಾ ತುಂಬುವ ಸೇತುವೆಯೂ ಗುಂಡಗಿನ ನಯ ಕಳೆದುಕೊಂಡು ಚೌಕಕ್ಕೆ ತಿರುಗಿತು. ಅದನ್ನು ಒರಟು ನಕಲಿ ಅಂತ ತಳ್ಳಬೇಡಿ. ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿದ್ದರೂ ಅದು ಸೇನೆಯ ಬಣ್ಣವೇ. ಥಿನ್ನರ್ ಹಾಕಿ ಕೀಳಬೇಡಿ.

1926ರಲ್ಲಿ ಬ್ರಿಟಿಷರು ಹೆಸರಿಡುವ ಪದ್ಧತಿಯನ್ನೇ ಬದಲಿಸಿ ಈ ಕೋವಿಗೆ ನಂಬರ್ 1 ಅಂದರು. 1917ರ ಕೋವಿಯ ಮೇಲೆ ಆ ಹೆಸರು ಕಂಡರೆ ಅದನ್ನು ಆಮೇಲೆ ಬರೆದಿದ್ದಾರೆ ಅಂತ ಅರ್ಥ. ಅಷ್ಟರ ಮಟ್ಟಿಗೆ ರಿಪೇರಿಯ ಕಾಲ ಸಿಕ್ಕಿತು.

ಅಮೆರಿಕದಲ್ಲಿರುವವರು ಕೇಳುವ ಇನ್ನೊಂದು ಪ್ರಶ್ನೆ 7.62 ಮಿ.ಮೀ. ತೋಟಾದ ಇಷಾಪುರ ಕೋವಿಯದು. "ಇದು ಹಳೇ ತ್ರೀ ನಾಟ್ ತ್ರೀಯನ್ನೇ ಕೊರೆದು ಮಾಡಿದ್ದಲ್ವಾ?" ಅಲ್ಲ. 1962ರ ಚೀನಾ ಯುದ್ಧದ ನಂತರ ಹೊಸ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ ಕೋವಿ ಅದು. ಮ್ಯಾಗಜೀನ್ ನೋಡಿದರೇ ಗೊತ್ತಾಗುತ್ತದೆ. .303 ತೋಟಾಕ್ಕೆ ಬುಡದಲ್ಲಿ ಅಂಚು ಇದೆ, ಒಂದರ ಮೇಲೊಂದು ಕೂರುವಾಗ ಓರೆಯಾಗುತ್ತವೆ, ಅದಕ್ಕೆ ಹಳೆಯ ಮ್ಯಾಗಜೀನಿನ ತಳವೂ ಓರೆ. 7.62ಕ್ಕೆ ಆ ಅಂಚಿಲ್ಲ, ಮ್ಯಾಗಜೀನ್ ಡಬ್ಬಿಯ ಹಾಗೆ ಚೌಕ. ಮೊದಲು ಬಂದದ್ದು 2ಎ. ಅದರ ಸೈಟಿನ ಎಲೆಯಲ್ಲಿ ಹಳೆಯ ಅಭ್ಯಾಸದಂತೆ 2000ದವರೆಗೆ ಗೆರೆ. ಆಮೇಲಿನ 2ಎ1ರಲ್ಲಿ 800 ಮೀಟರಿಗೆ ಇಳಿಸಿದರು. ಸಾಕೆಟಿನಲ್ಲಿ 2ಎ ಅಂತಿದ್ದು ಎಲೆ 800 ತೋರಿಸಿದರೆ ಎಲೆ ಬದಲಾಗಿದೆ.

ನಳಿಗೆಯೊಳಗೆ ಸುರುಳಿ ಗೆರೆಯೇ ಇಲ್ಲ, ಸವೆದುಹೋಗಿದೆಯಾ ಅಂತ ಒಬ್ಬರು ಕೇಳಿದ್ದರು. ಮ್ಯಾಗಜೀನ್ ಜಾಗದಲ್ಲಿ ಏನಿದೆ ಅಂದೆ. ಮರದ ತುಂಡು ಅಂದರು. ಅಲ್ಲಿಗೆ ಮುಗಿಯಿತು. ಅದು .410 ಮಸ್ಕೆಟ್. ಪೊಲೀಸರಿಗೆ, ಕಾವಲಿನವರಿಗೆ ಕೊಡಲು ಇಷಾಪುರದಲ್ಲಿ ಒಂದೇ ಗುಂಡಿನ ಕೋವಿಯಾಗಿ ಬದಲಿಸಿದ್ದು. ನಳಿಗೆ ನುಣುಪಾಗಿರುವುದೇ ಸರಿ.

ಕೊಡಗಿನಲ್ಲಿ ಇನ್ನೊಂದು ಗೊಂದಲ ಕಂಡಿದ್ದೇನೆ. ಕೈಲ್‌ಪೊಳ್ದ್ ಹಬ್ಬಕ್ಕೆ ಗೆಳೆಯನ ಮನೆಗೆ ಹೋಗಿದ್ದೆ. ಪೂಜೆಗಿಟ್ಟ ಕೋವಿಗಳ ಮೂತಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದರು. ಅದರಲ್ಲೊಂದು .315. "ಮಿಲಿಟರಿ ಕೋವಿಯನ್ನೇ ಕತ್ತರಿಸಿದ್ದು" ಅಂತ ಮನೆಯ ಹಿರಿಯರು ಹೇಳಿದರು. ಬೋಲ್ಟ್ ನೋಡಿದರೆ ಹಾಗೆ ಅನ್ನಿಸುವುದು ಸಹಜ, ಅದೇ ಲೀ-ಎನ್‌ಫೀಲ್ಡ್ ಬೋಲ್ಟ್. ಆದರೆ ಜನರಿಗೆ .303 ಕೊಡುವಂತಿಲ್ಲದ್ದರಿಂದ ಸರ್ಕಾರಿ ಕಾರ್ಖಾನೆಯೇ ಬೇಟೆಗೆ ಅಂತ ಬೇರೆ ಬೋರಿನಲ್ಲಿ ಮಾಡಿದ ಕೋವಿ ಅದು. ನಾನು ಹಬ್ಬದ ದಿನ ವಾದ ಮಾಡಲಿಲ್ಲ. ಊಟ ಚೆನ್ನಾಗಿತ್ತು.

ಲಕ್ಷಣ: ಏನೋ ಸರಿ ಇಲ್ಲ, ಏನು ಅಂತ ಹೇಳಲಾಗುತ್ತಿಲ್ಲ

ರಾಜರ ಹೆಸರಿನಿಂದ ಶುರು ಮಾಡಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಈ ಗಿಡ್ಡ ಎನ್‌ಫೀಲ್ಡ್‌ಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 1902ರ ಡಿಸೆಂಬರಿನಲ್ಲಿ. ಅಂದರೆ ಹಳೆಯ ಉದ್ದ ಕೋವಿಯಿಂದ ಬದಲಿಸಿದ್ದಲ್ಲದೆ, ಹೊಸದಾಗಿಯೇ ತಯಾರಾದ ಈ ಮಾದರಿಯ ಮೇಲೆ ರಾಣಿಯ ವಿಆರ್ ಇರಲು ಸಾಧ್ಯವಿಲ್ಲ. ಎಡ್ವರ್ಡ್ ರಾಜನ ಇಆರ್ 1910ರವರೆಗೆ, ಅಲ್ಲಿಂದ ಮುಂದೆ ಜಾರ್ಜ್. ವಿಆರ್ ಇದ್ದು ಕೆಳಗೆ 1919 ಅಂತ ಬರೆದಿದ್ದರೆ ಅದು ಪೇಶಾವರದ ಹತ್ತಿರದ ದರ್ರಾ ಆದಂ ಖೇಲ್‌ನಂಥ ಕಡೆ ಕೈಯಲ್ಲಿ ಮಾಡಿದ್ದು. ಅಲ್ಲಿನ ಕುಶಲಕರ್ಮಿಗಳಿಗೆ ಉಕ್ಕು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಎನ್‌ಫೀಲ್ಡ್ ಸ್ಪೆಲ್ಲಿಂಗ್ ತಪ್ಪಿರುತ್ತದೆ. ಅಫ್ಘಾನಿಸ್ತಾನದಿಂದ ಮರಳಿದ ಅಮೆರಿಕನ್ ಸೈನಿಕರು ನೆನಪಿಗೆ ಅಂತ ಇಂಥವನ್ನು ಕೊಂಡು ತಂದಿದ್ದಾರೆ. ಗೋಡೆಗೆ ಚೆಂದ. ಹೊಡೆಯಲು ಬೇಡವೇ ಬೇಡ.

ಎರಡು ಬಾಣದ ತಲೆ ಒಂದಕ್ಕೊಂದು ಮೂತಿ ತಾಗಿಸಿ ನಿಂತು ನಕ್ಷತ್ರದ ಹಾಗೆ ಕಂಡರೆ ಅದು ಸೇನೆಯಿಂದ ಮಾರಾಟವಾದ ಗುರುತು. ಮಾದರಿಯ ಸ್ಟಾರ್ ಜೊತೆ ಬೆರೆಸಿಕೊಳ್ಳಬೇಡಿ. ನಳಿಗೆಯ ಮೇಲೆ "18.5 ಟನ್" ಅಂತ ಇದ್ದರೆ ಇಂಗ್ಲೆಂಡಿನಲ್ಲಿ ಖಾಸಗಿ ಮಾರಾಟಕ್ಕೆ ಮೊದಲು ಪರೀಕ್ಷೆ ಮಾಡಿದ ಗುರುತು. ಇವೆರಡರ ನಂತರ ಬಂದ ಭಾಗಗಳಿಗೆ ಸೇನೆ ಹೊಣೆಯಲ್ಲ.

ಡಿಪಿ ಅಂತ ಎಲ್ಲಾದರೂ ಕೊರೆದಿದ್ದರೆ ಅದು ಕವಾಯತಿಗೆ ಮಾತ್ರ ಇಟ್ಟಿದ್ದ ಕೋವಿ. ಯಾವ ಭಾಗ ಎಷ್ಟು ಚೆನ್ನಾಗಿ ಹೊಂದಿದರೂ ಅದರಲ್ಲಿ ಗುಂಡು ಹಾಕುವ ಯೋಚನೆ ಬಿಡಿ.

ಇಷ್ಟು ನೋಡಿದ ಮೇಲೆ ಮಂಡ್ಯದ ಹುಡುಗನಿಗೆ ಮತ್ತೆ ಫೋಟೊ ಕಳಿಸಲು ಹೇಳಿದೆ. ಬಾಡಿ, ನಳಿಗೆ, ನೋಸ್ ಕ್ಯಾಪ್ ಒಂದೇ ನಂಬರ್. ಸೈಟಿನ ಎಲೆಯಲ್ಲಿ ಹಳೆಯದಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಬಾಡಿಯ ನಂಬರ್. ಮುಂದಿನ ಮರ ಭಾರತದಲ್ಲಿ ಬದಲಾದದ್ದು, ಸ್ಕ್ರೂ ಸಮೇತ. ಬೋಲ್ಟ್ ಹಿಡಿಯ ನಂಬರ್ ಮಾತ್ರ ಪೂರ್ತಿ ಬೇರೆ, ಅಡ್ಡಗೆರೆಯೂ ಇಲ್ಲ. ಸೇನೆ ಬಿಟ್ಟ ಮೇಲೆ ಯಾವುದೋ ಗೋದಾಮಿನಲ್ಲಿ ಬೋಲ್ಟುಗಳನ್ನು ಒಂದು ಕಡೆ, ಕೋವಿಗಳನ್ನು ಒಂದು ಕಡೆ ರಾಶಿ ಹಾಕಿ, ಮಾರುವಾಗ ಕೈಗೆ ಸಿಕ್ಕಿದ್ದನ್ನು ತುರುಕಿರಬೇಕು. ಈ ಕೋವಿಯಲ್ಲಿ ಬೋಲ್ಟನ್ನು ಆಯಾ ಬಾಡಿಗೆ ಕೂರಿಸಿ ನೋಡಿಯೇ ನಂಬರ್ ಹೊಡೆಯುತ್ತಿದ್ದರು. ನಂಬರ್ ಬೇರೆ ಅಂದರೆ ಆ ಕೂರಿಕೆಯ ಭರವಸೆ ಹೋಯಿತು ಅಂತ ಲೆಕ್ಕ. ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವೆ ಉಳಿಯುವ ಸಂದಿಗೆ ಹೆಡ್‌ಸ್ಪೇಸ್ ಅನ್ನುತ್ತಾರೆ.

"ಹಾಗಾದ್ರೆ ಇಟ್ಕೊಳ್ಳಲಾ ಅಣ್ಣಾ, ವಾಪಸ್ ಕೊಡಲಾ?" ಅಂದ.

"ಇಟ್ಕೋ. ಆದರೆ ಹೆಡ್‌ಸ್ಪೇಸ್ ಅಳೆಯುವ ಗೇಜ್ ಇರೋ ಗನ್‌ಸ್ಮಿತ್‌ಗೆ ತೋರಿಸೋವರೆಗೂ ಒಂದು ಗುಂಡೂ ಹೊಡೀಬೇಡ" ಅಂದೆ. ಆ ಸ್ಕ್ರೂ ಮುಟ್ಟಬೇಡ ಅಂತಲೂ ಸೇರಿಸಿದೆ.